ಮನುಷ್ಯನ ನೆನಪು, ಯಂತ್ರದ ನೆನಪು: ಒಂದು ಚಾರಿತ್ರಿಕ ನೋಟ



"ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲಾ, ಮತ್ತೆ ಬಾಯಿಪಾಠ ಮಾಡುವುದು ಯಾಕೆ?" ಹೆತ್ತವರನ್ನೂ ಅಧ್ಯಾಪಕರನ್ನೂ ಮಕ್ಕಳು ಇಂದು ಕೇಳುತ್ತಿರುವ ಪ್ರಶ್ನೆಯಿದು. ಶಾಲೆಯ ಪ್ರಬಂಧವಿರಲಿ, ಕಾಲೇಜಿನ ಸೆಮಿನಾರ್ ಇರಲಿ, ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆ ಈಗ ಕೈಯಲ್ಲೇ ಇದೆ. ಹಾಗಿರುವಾಗ ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದರಿಂದ ಪ್ರಯೋಜನವಿಲ್ಲ. ಅದಕ್ಕೊಂದು ಉತ್ತರ ಬೇಕು. ಆ ಉತ್ತರ ಸಿಗಬೇಕಾದರೆ ಯಂತ್ರಕ್ಕೆ ನೆನಪು ಎಂಬುದು ಎಲ್ಲಿಂದ ಬಂತು ಎಂಬ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕಾಗುತ್ತದೆ. ಏಕೆಂದರೆ ಕಂಪ್ಯೂಟರಿನ ನೆನಪಿಗೆ ಮಾದರಿಯಾಗಿ ವಿಜ್ಞಾನಿಗಳು ಮತ್ತೆ ಮತ್ತೆ ನೋಡಿದ್ದು ಮನುಷ್ಯನ ನೆನಪನ್ನೇ. ಒಂದೊಂದು ಗುಣವನ್ನು ಮನುಷ್ಯನಿಂದ ಕಲಿತಾಗಲೂ ಯಂತ್ರ ಒಂದೊಂದು ಮೆಟ್ಟಿಲು ಮೇಲೇರಿದೆ. ಆದರೆ ಒಂದು ಗುಣವನ್ನು ಅದು ಇನ್ನೂ ಪೂರ್ತಿಯಾಗಿ ಕಲಿತಿಲ್ಲ. ಅದು ಯಾವುದೆಂಬುದನ್ನು ಕೊನೆಯಲ್ಲಿ ನೋಡೋಣ.

ನಮ್ಮ ಜಿಲ್ಲೆಯ ಎರಡು ನೆನಪುಗಳು

ಮೊದಲಿಗೆ ನಮ್ಮ ದಕ್ಷಿಣ ಕನ್ನಡದಿಂದಲೇ ಪ್ರಾರಂಭಿಸೋಣ. 1990ರ ಡಿಸೆಂಬರಿನಲ್ಲಿ ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಪೂರ್ತಿಯಾಗಿ ಧ್ವನಿಮುದ್ರಿಸಿಕೊಂಡರು. ಪ್ರೊ. ಬಿ.ಎ. ವಿವೇಕ ರೈ ಮತ್ತು ಪ್ರೊ. ಕೆ. ಚಿನ್ನಪ್ಪ ಗೌಡರು ಈ ಕಾರ್ಯದಲ್ಲಿ ಜೊತೆಗಿದ್ದರು. ಹಾಡಿ ಮುಗಿಸಲು ದಿನಗಳೇ ಬೇಕಾದವು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ ಸಾಲುಗಳ ಸಂಖ್ಯೆ 15,683. ಇಷ್ಟನ್ನೂ ಗೋಪಾಲ ನಾಯ್ಕರು ಯಾವ ಪುಸ್ತಕವನ್ನೂ ನೋಡದೆ ಹಾಡಿದ್ದರು.

ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರು ಸಾಲು ಸಾಲನ್ನು ಉರು ಹೊಡೆದು ಒಪ್ಪಿಸಿದವರಲ್ಲ. ಕಥೆಯ ಹಂದರ, ಮತ್ತೆ ಮತ್ತೆ ಬರುವ ನುಡಿಗಟ್ಟುಗಳು, ಪಾತ್ರಗಳು, ಊರುಗಳು ಇವೆಲ್ಲ ಅವರ ಮನಸ್ಸಿನಲ್ಲಿದ್ದವು. ಹಾಡುವ ಹೊತ್ತಿನಲ್ಲಿ ಅವುಗಳಿಂದ ಪಾಡ್ದನವನ್ನು ಹೊಸದಾಗಿ ಕಟ್ಟುತ್ತಾ ಹೋದರು. ಸಂದರ್ಭ ನೋಡಿ ಅದನ್ನು ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು. ಇದನ್ನು 'ಕಟ್ಟುವ ನೆನಪು' ಎಂದು ಕರೆಯೋಣ.

ಇನ್ನೊಂದು ನೆನಪು ನಮ್ಮ ಹಿಫ್ಳ್ ತರಗತಿಗಳದ್ದು. ಪವಿತ್ರ ಕುರ್‌ಆನಿನ 30 ಜುಝ್‌ಉಗಳನ್ನು, 114 ಸೂರಾಗಳನ್ನು ಹಾಫಿಳ್ ಆದವನು ಅಕ್ಷರವೂ ವ್ಯತ್ಯಾಸವಾಗದಂತೆ ಕಂಠಸ್ಥಗೊಳಿಸುತ್ತಾನೆ. ಇಲ್ಲಿ ಹಿಗ್ಗಿಸುವ ಕುಗ್ಗಿಸುವ ಪ್ರಶ್ನೆಯೇ ಇಲ್ಲ. ಒಂದು ಸ್ವರಚಿಹ್ನೆ ತಪ್ಪಿದರೂ ಎದುರು ಕೂತ ಉಸ್ತಾದರು ತಡೆದು ತಿದ್ದುತ್ತಾರೆ. ರಮಝಾನಿನ ತರಾವೀಹ್‌ನಲ್ಲಿ ಇಮಾಮರು ಒಂದೆಡೆ ತಡವರಿಸಿದರೆ ಹಿಂದಿನ ಸಾಲಿನಲ್ಲಿರುವ ಇನ್ನೊಬ್ಬ ಹಾಫಿಳ್ ಕೂಡಲೇ ನೆನಪಿಸುತ್ತಾರೆ. ಇದನ್ನು 'ಕಾಪಾಡುವ ನೆನಪು' ಎನ್ನೋಣ.

ಕಟ್ಟುವ ನೆನಪು ಮತ್ತು ಕಾಪಾಡುವ ನೆನಪು, ಇವೆರಡೂ ಒಂದೇ ಮಣ್ಣಿನಲ್ಲಿ ಅಕ್ಕಪಕ್ಕದಲ್ಲಿ ಬೆಳೆದು ಬಂದಿವೆ. ಇವೆರಡರ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಇತಿಹಾಸ ಅರ್ಥವಾಗುವುದು ಸುಲಭ.

ಇಬ್ನು ಸೀನಾರು ಕೊಟ್ಟ ನೀರಿನ ಉದಾಹರಣೆ

ನೆನಪೆಂದರೆ ಏನು ಎಂದು ಆಳವಾಗಿ ಚಿಂತಿಸಿದ ಪೂರ್ವಿಕರಲ್ಲಿ ಇಬ್ನು ಸೀನಾರ (980-1037) ಹೆಸರು ಮುಖ್ಯವಾದುದು. ವೈದ್ಯರೂ ತತ್ವಜ್ಞಾನಿಯೂ ಆಗಿದ್ದ ಅವರು ಹೊರಗಿನ ಪಂಚೇಂದ್ರಿಯಗಳಂತೆ ಮನುಷ್ಯನಿಗೆ ಐದು ಒಳ ಇಂದ್ರಿಯಗಳೂ ಇವೆಯೆಂದು ವಿವರಿಸಿದರು. ಕಣ್ಣು ಕಿವಿಗಳಿಂದ ಬಂದುದನ್ನು ಒಟ್ಟುಗೂಡಿಸುವ ಶಕ್ತಿ ಒಂದು, ಆ ರೂಪಗಳನ್ನು ಹಿಡಿದಿಡುವ ಶಕ್ತಿ ಇನ್ನೊಂದು, ಅವುಗಳನ್ನು ಬೇರ್ಪಡಿಸಿ ಜೋಡಿಸುವ ಶಕ್ತಿ ಮತ್ತೊಂದು, ಕಂಡದ್ದರ ಒಳಾರ್ಥವನ್ನು ಊಹಿಸುವ ಶಕ್ತಿ ನಾಲ್ಕನೆಯದು, ಆ ಅರ್ಥಗಳನ್ನು ಕಾಯ್ದಿಡುವ 'ಹಾಫಿಳ' ಐದನೆಯದು. ಮೆದುಳಿನ ಯಾವ ಭಾಗದಲ್ಲಿ ಯಾವ ಶಕ್ತಿ ಇದೆಯೆಂಬ ಅವರ ಎಣಿಕೆ ಇಂದಿನ ವಿಜ್ಞಾನಕ್ಕೆ ಹೊಂದುವುದಿಲ್ಲ, ನಿಜ. ಆದರೆ ನೆನಪು ಒಂದೇ ಪೆಟ್ಟಿಗೆಯಲ್ಲ, ಬೇರೆ ಬೇರೆ ಕೆಲಸಗಳ ಕೂಟ ಎಂಬ ಅವರ ಮೂಲ ವಿಚಾರ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಗ್ರಹಿಸುವ ಶಕ್ತಿ ಬೇರೆ, ಉಳಿಸಿಕೊಳ್ಳುವ ಶಕ್ತಿ ಬೇರೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ನೀರಿನದು. ನೀರು ಯಾವ ಆಕಾರವನ್ನಾದರೂ ಥಟ್ಟನೆ ತಳೆಯುತ್ತದೆ, ಆದರೆ ಅದನ್ನು ಉಳಿಸಿಕೊಳ್ಳುವುದಿಲ್ಲ. ಕಲ್ಲನ್ನು ಯೋಚಿಸಿರಿ: ಅದರ ಮೇಲೆ ಕೆತ್ತುವುದು ಕಷ್ಟ, ಕೆತ್ತಿದ್ದು ಅಳಿಯುವುದೂ ಕಷ್ಟ. ಬೇಗ ಕಲಿಯುವುದು ಬೇಗ ಮರೆಯುತ್ತದೆ, ನಿಧಾನವಾಗಿ ಕಲಿತದ್ದು ನಿಲ್ಲುತ್ತದೆ. ಈ ಇಕ್ಕಟ್ಟು ಸುಮಾರು ಒಂದು ಸಾವಿರ ವರ್ಷಗಳ ಬಳಿಕ ಕಂಪ್ಯೂಟರ್ ವಿಜ್ಞಾನಿಗಳಿಗೂ ಎದುರಾಯಿತು. ಅದನ್ನು ಮುಂದೆ ನೋಡಲಿದ್ದೇವೆ.

ಗಿರಣಿ ಮತ್ತು ಕಣಜ

ಹತ್ತೊಂಬತ್ತನೇ ಶತಮಾನದ 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅವರು ಲೆಕ್ಕ ಮಾಡುವ ದೊಡ್ಡ ಯಂತ್ರವೊಂದರ ನಕ್ಷೆ ತಯಾರಿಸಿದರು. ಅದರಲ್ಲಿ ಎರಡು ಭಾಗಗಳಿದ್ದವು. ಲೆಕ್ಕ ಮಾಡುವ ಭಾಗಕ್ಕೆ ಅವರಿಟ್ಟ ಹೆಸರು ಗಿರಣಿ, ಅಂಕಿಗಳನ್ನು ಇಡುವ ಭಾಗಕ್ಕೆ ಉಗ್ರಾಣ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಕ್ಕಿ ಮಿಲ್ಲು ಒಂದೆಡೆ, ಭತ್ತದ ಕಣಜ ಇನ್ನೊಂದೆಡೆ. ಆ ಭಾಗದ ಹೆಸರಿನಲ್ಲಿ ಇನ್ನೂ 'ನೆನಪು' ಇರಲಿಲ್ಲ, ದಾಸ್ತಾನು ಮಾತ್ರ ಇತ್ತು.

ಮನುಷ್ಯನ ನೆನಪಿನ ಹೋಲಿಕೆಯನ್ನು ಯಂತ್ರದ ಪಕ್ಕದಲ್ಲಿ ಸ್ಪಷ್ಟವಾಗಿ ಇಟ್ಟವರು ಜಾನ್ ವಾನ್ ನ್ಯೂಮನ್. 1945ರ ಜೂನ್‌ನಲ್ಲಿ ಬರೆದ ಎಡ್ವಾಕ್ ಯಂತ್ರದ ಕರಡು ವರದಿಯಲ್ಲಿ ಅವರು ಯಂತ್ರದ ಭಾಗಗಳನ್ನು ಮನುಷ್ಯನ ನರಕೋಶಗಳಿಗೆ ಹೋಲಿಸಿದರು, ಅಂಕಿಗಳನ್ನೂ ಆದೇಶಗಳನ್ನೂ ಇಡುವ ಭಾಗವನ್ನು 'ಮೆಮೊರಿ' ಎಂದು ಕರೆದರು. ಅದಕ್ಕೆ ಎರಡು ವರ್ಷ ಮೊದಲು, 1943ರಲ್ಲಿ, ವಾರನ್ ಮೆಕಲಾಕ್ ಮತ್ತು ವಾಲ್ಟರ್ ಪಿಟ್ಸ್ ನರಕೋಶವನ್ನು ಹೌದು-ಅಲ್ಲ ಎಂಬ ತರ್ಕದ ಘಟಕವಾಗಿ ವಿವರಿಸಿದ್ದರು. ವಾನ್ ನ್ಯೂಮನ್ ಅವರಿಗೆ ಅದೇ ಪ್ರೇರಣೆ. ಅವರು ಕೊನೆಯುಸಿರಿನ ತನಕವೂ ಈ ಹೋಲಿಕೆಯನ್ನು ಬಿಡಲಿಲ್ಲ. ಕಂಪ್ಯೂಟರ್ ಮತ್ತು ಮೆದುಳನ್ನು ಕುರಿತ ಅವರ ಪುಸ್ತಕ ಅವರ ನಿಧನದ ನಂತರ, 1958ರಲ್ಲಿ ಪ್ರಕಟವಾಯಿತು.

ಆದರೆ ಹೆಸರು ಮನುಷ್ಯನದ್ದಾದರೂ ಒಳಗಿನ ವ್ಯವಸ್ಥೆ ಕಣಜದ್ದೇ ಆಗಿತ್ತು. ಪ್ರತಿಯೊಂದು ಮಾಹಿತಿಗೆ ಒಂದು ವಿಳಾಸ. ವಿಳಾಸ ಕೊಟ್ಟರೆ ಮಾಹಿತಿ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ದೇಶದಲ್ಲೇ ನಿರ್ಮಾಣವಾದ ಮೊದಲ ಕಂಪ್ಯೂಟರುಗಳಲ್ಲಿ ಒಂದಾದ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಪ್ರಾರಂಭಿಸಿದ ಟಿಫ್ರಾಕ್‌ನಲ್ಲೂ ಹೀಗೆಯೇ. ಸಣ್ಣ ಸಣ್ಣ ಫೆರೈಟ್ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿ, ಒಂದೊಂದು ಉಂಗುರದ ಕಾಂತದ ದಿಕ್ಕಿನಲ್ಲಿ ಸೊನ್ನೆ ಅಥವಾ ಒಂದನ್ನು ಇಡಲಾಗುತ್ತಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಕಂಪ್ಯೂಟರ್ ಮನುಷ್ಯನಿಂದ ಹೆಸರನ್ನು ಸಾಲ ಪಡೆಯಿತು. ಕೆಲವೇ ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಆ ಸಾಲವನ್ನು ಬಡ್ಡಿ ಸಮೇತ ಹಿಂದಕ್ಕೆ ಪಡೆದರು! 1956ರಲ್ಲಿ ಜಾರ್ಜ್ ಮಿಲ್ಲರ್, ಮನುಷ್ಯನು ಒಂದೇ ಬಾರಿಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲದ್ದು ಸುಮಾರು ಏಳು ಅಂಶಗಳನ್ನು ಮಾತ್ರ ಎಂದು ಬರೆದರು. 1968ರಲ್ಲಿ ಅಟ್ಕಿನ್ಸನ್ ಮತ್ತು ಶಿಫ್ರಿನ್ ಎಂಬಿಬ್ಬರು, ಮನುಷ್ಯನ ನೆನಪಿನಲ್ಲಿ ಕ್ಷಣಿಕ, ಅಲ್ಪಕಾಲಿಕ ಮತ್ತು ದೀರ್ಘಕಾಲಿಕ ಎಂಬ ಮೂರು ಉಗ್ರಾಣಗಳಿವೆಯೆಂದು ಕಂಪ್ಯೂಟರಿನ ಹೋಲಿಕೆಯಲ್ಲೇ ವಿವರಿಸಿದರು. ಇಂದಿಗೂ ಎಷ್ಟೋ ಮಂದಿ ಮೆದುಳನ್ನು ಹಾರ್ಡ್ ಡಿಸ್ಕ್ ಎಂದೇ ತಿಳಿದಿದ್ದಾರೆ. ಇದು ಅರ್ಧಸತ್ಯ.

ನಂಟಿನಿಂದ ಬರುವ ನೆನಪು

ನಗರದ ಅಂಚೆಯವನಿಗೆ ಮನೆ ನಂಬರ್ ಬೇಕು. ನಮ್ಮ ಹಳ್ಳಿಯ ಅಂಚೆಯವನಿಗೆ ಅರ್ಧ ವಿಳಾಸ ಸಾಕು. "ಗುಡ್ಡೆಯ ಮೇಲಿನ ಹಂಚಿನ ಮನೆಯ ಹಿರಿಮಗ" ಎಂದರೆ ಕಾಗದ ಸರಿಯಾದ ಕೈಗೆ ತಲುಪುತ್ತದೆ. ಕೋಡಿಂಬಾಳದ ರೈಲು ನಿಲ್ದಾಣದಲ್ಲಿ ದೂರದಿಂದ ಒಬ್ಬರ ನಡಿಗೆ ಕಂಡರೆ ಸಾಕು, ಮುಖ ಕಾಣುವ ಮೊದಲೇ ಇಂಥವರೆಂದು ಹೇಳುತ್ತೇವೆ. ಒಂದು ತುಣುಕು ಸಿಕ್ಕರೆ ಪೂರ್ತಿ ಚಿತ್ರ ಏಳುತ್ತದೆ. ಹಾಫಿಳ್ ಒಬ್ಬರಿಗೆ ಆಯತಿನ ಎರಡು ಪದ ಕೇಳಿಸಿದರೆ ಮುಂದಿನದು ತಾನಾಗಿ ನಾಲಗೆಗೆ ಬರುವುದೂ ಹೀಗೆಯೇ.

ಇದು ಹೇಗೆ ಸಾಧ್ಯ? 1949ರಲ್ಲಿ ಕೆನಡಾದ ಡೊನಾಲ್ಡ್ ಹೆಬ್ ಒಂದು ಉತ್ತರ ಕೊಟ್ಟರು. ಒಂದು ನರಕೋಶವು ಇನ್ನೊಂದನ್ನು ಮತ್ತೆ ಮತ್ತೆ ಕೆರಳಿಸುತ್ತಿದ್ದರೆ ಅವುಗಳ ನಡುವಿನ ನಂಟು ಬಲಗೊಳ್ಳುತ್ತದೆ ಎಂಬುದು ಅವರ ಸಿದ್ಧಾಂತ. ಅಂದರೆ ನೆನಪು ಒಂದು ಜಾಗದಲ್ಲಿ ಇಟ್ಟ ವಸ್ತುವಲ್ಲ. ಅದು ನಂಟುಗಳ ಬಲಾಬಲದಲ್ಲಿ ಹರಡಿರುತ್ತದೆ.

1982ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಹಾಪ್‌ಫೀಲ್ಡ್ ಇದೇ ವಿಚಾರವನ್ನು ಕೃತಕ ನರಜಾಲವಾಗಿ ರೂಪಿಸಿದರು. ಈ ಜಾಲಕ್ಕೆ ವಿಳಾಸ ಬೇಡ. ಅರ್ಧ ಅಳಿಸಿಹೋದ ಚಿತ್ರವನ್ನು ಕೊಟ್ಟರೆ, ಇಳಿಜಾರಿನಲ್ಲಿ ಬಿಟ್ಟ ಗೋಲಿ ತಗ್ಗಿಗೆ ಉರುಳುವಂತೆ, ಜಾಲವು ತಾನು ಕಲಿತ ಹತ್ತಿರದ ಚಿತ್ರಕ್ಕೆ ಬಂದು ನಿಲ್ಲುತ್ತದೆ. ಅದಕ್ಕೂ ಮಿತಿಯಿತ್ತು. ನೂರು ಘಟಕಗಳ ಜಾಲವು ಸುಮಾರು ಹದಿನೈದು ಚಿತ್ರಗಳನ್ನು ನೆನಪಿಡಬಲ್ಲದು. ಅದಕ್ಕಿಂತ ಹೆಚ್ಚು ತುರುಕಿದರೆ ಒಂದು ಇನ್ನೊಂದರೊಂದಿಗೆ ಕಲೆಸಿಹೋಗುತ್ತದೆ. ಆದರೂ ಮನುಷ್ಯನಂತೆ ನಂಟಿನಿಂದ ನೆನಪಿಸಿಕೊಳ್ಳುವ ಯಂತ್ರ ಸಾಧ್ಯ ಎಂಬುದು ಅಂದು ಸಾಬೀತಾಯಿತು. ಈ ಕಾರ್ಯಕ್ಕಾಗಿ 2024ರಲ್ಲಿ ಅವರಿಗೆ ಜೆಫ್ರಿ ಹಿಂಟನ್ ಅವರೊಂದಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಮರೆಯಲು ಕಲಿತ ಯಂತ್ರ

ಇನ್ನೀಗ ಇಬ್ನು ಸೀನಾರ ನೀರಿಗೆ ಮರಳೋಣ. 1989ರಲ್ಲಿ ಮೈಕೆಲ್ ಮೆಕ್ಲಾಸ್ಕಿ ಮತ್ತು ನೀಲ್ ಕೋಹೆನ್ ಒಂದು ಕೃತಕ ನರಜಾಲಕ್ಕೆ ಮೊದಲು ಒಂದನ್ನು ಕೂಡಿಸುವ ಲೆಕ್ಕಗಳನ್ನು ಕಲಿಸಿದರು. ಒಂದಕ್ಕೆ ಒಂದು ಕೂಡಿಸಿದರೆ ಎರಡು, ಎರಡಕ್ಕೆ ಒಂದು ಕೂಡಿಸಿದರೆ ಮೂರು, ಹೀಗೆ. ಜಾಲವು ಚೆನ್ನಾಗಿಯೇ ಕಲಿಯಿತು. ಬಳಿಕ ಎರಡನ್ನು ಕೂಡಿಸುವ ಲೆಕ್ಕ ಕಲಿಸಿದರು. ಅದನ್ನೂ ಕಲಿಯಿತು, ಆದರೆ ಮೊದಲು ಕಲಿತದ್ದನ್ನು ಹಾಳುಮಾಡಿಕೊಂಡಿತು! ಒಂದನೇ ತರಗತಿಯ ಮಗು ಹೀಗೆ ಮಾಡುವುದಿಲ್ಲ. ಹಾಗಾದರೆ ಮಗುವಿನ ತಲೆಯಲ್ಲಿ ಬೇರೇನು ನಡೆಯುತ್ತದೆ?

ಅದರ ಸುಳಿವು ಒಬ್ಬ ರೋಗಿಯಿಂದ ಮೊದಲೇ ಸಿಕ್ಕಿತ್ತು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನ ಅಪಸ್ಮಾರವನ್ನು ಗುಣಪಡಿಸಲು ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆಯಲಾಯಿತು. ಆ ಬಳಿಕ ಆತನಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯಲೇ ಇಲ್ಲ. ಈಗ ಮಾತನಾಡಿ ಹೋದವರು ಸ್ವಲ್ಪ ಹೊತ್ತಿನಲ್ಲಿ ಬಂದರೆ ಅಪರಿಚಿತರು. ಆದರೆ ಬಾಲ್ಯದ ನೆನಪು ಇತ್ತು, ಮಾತು ಇತ್ತು. ಕನ್ನಡಿಯಲ್ಲಿ ನೋಡುತ್ತಾ ಚಿತ್ರ ಬರೆಯುವಂಥ ಕೈಚಳಕವನ್ನು ದಿನದಿಂದ ದಿನಕ್ಕೆ ಕಲಿಯುತ್ತಲೂ ಇದ್ದ, ಕಲಿತದ್ದು ಮಾತ್ರ ಅವನಿಗೇ ಗೊತ್ತಿರುತ್ತಿರಲಿಲ್ಲ. ವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರ ಅಧ್ಯಯನಗಳಿಂದ ನೆನಪು ಒಂದೇ ಅಲ್ಲ, ಹಲವು ಎಂಬುದು ದೃಢಪಟ್ಟಿತು.

1995ರಲ್ಲಿ ಮೆಕ್ಲೆಲೆಂಡ್, ಮೆಕ್‌ನಾಟನ್ ಮತ್ತು ಓ'ರೈಲಿ ಇವೆಲ್ಲವನ್ನು ಸೇರಿಸಿ ಒಂದು ವಿವರಣೆ ಕೊಟ್ಟರು. ಮೆದುಳಿನಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದಾರೆ ಎನ್ನಿ. ಹಿಪೊಕ್ಯಾಂಪಸ್ ಚುರುಕಿನವನು, ಇಂದಿನ ಸಂಗತಿಯನ್ನು ಇಂದೇ ಬರೆದುಕೊಳ್ಳುತ್ತಾನೆ. ಮೆದುಳಿನ ಹೊರಪದರ ನಿಧಾನಿ, ಸ್ವಲ್ಪ ಸ್ವಲ್ಪವಾಗಿ ಕಲಿತು ಗಟ್ಟಿಮಾಡಿಕೊಳ್ಳುತ್ತಾನೆ. ಚುರುಕಿನವನು ಹಳೆಯದನ್ನೂ ಹೊಸದನ್ನೂ ಬೆರೆಸಿ ನಿಧಾನಿಗೆ ಮತ್ತೆ ಮತ್ತೆ ಒಪ್ಪಿಸುತ್ತಾನೆ. ಇದರಲ್ಲಿ ದೊಡ್ಡ ಪಾಲು ನಡೆಯುವುದು ನಿದ್ರೆಯಲ್ಲಿ. ಇಲಿಗಳು ಎಚ್ಚರವಿದ್ದಾಗ ಓಡಾಡಿದ ದಾರಿಗೆ ಸಂಬಂಧಿಸಿದ ನರಕೋಶಗಳು ಆ ಬಳಿಕದ ನಿದ್ರೆಯಲ್ಲಿ ಮತ್ತೆ ಮಿಡಿಯುವುದನ್ನು 1994ರಲ್ಲೇ ಗಮನಿಸಲಾಗಿತ್ತು.

ಈ ಪಾಠವನ್ನು ಯಂತ್ರಕ್ಕೆ ಕಲಿಸಿದವರಲ್ಲಿ ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯವರು ಪ್ರಮುಖರು. ಅದರ ಸ್ಥಾಪಕರಲ್ಲೊಬ್ಬರಾದ ಡೆಮಿಸ್ ಹಸ್ಸಾಬಿಸ್ ಮೊದಲು ಹಿಪೊಕ್ಯಾಂಪಸ್ ಬಗ್ಗೆಯೇ ಸಂಶೋಧನೆ ಮಾಡಿದವರು. 2015ರಲ್ಲಿ ಪ್ರಕಟವಾದ ಅವರ ತಂಡದ ಯಂತ್ರವು 49 ವೀಡಿಯೊ ಆಟಗಳನ್ನು ಆಡಿ ಆಡಿ ಕಲಿಯಿತು. ಹಳೆಯ ಆಟದ ಅನುಭವಗಳನ್ನು ಕೂಡಿಟ್ಟು, ಅವುಗಳಿಂದ ಆಗಾಗ ಆಯ್ದು ಮತ್ತೆ ಅಭ್ಯಾಸ ಮಾಡುವುದು ಅದರ ಯಶಸ್ಸಿನ ಗುಟ್ಟುಗಳಲ್ಲಿ ಒಂದು.

ಈ ವಿಧಾನ ನಮಗೆ ಹೊಸದೇ? ಹಿಫ್ಳ್ ತರಗತಿಯ ದಿನಚರಿಯನ್ನು ನೋಡಿರಿ. ಮುಂಜಾನೆ ಹೊಸ ಪಾಠ, ಆ ಬಳಿಕ ಕಳೆದ ಕೆಲವು ದಿನಗಳ ಪಾಠ, ಮತ್ತೆ ಹಿಂದೆ ಮುಗಿಸಿದ ಜುಝ್‌ಉಗಳ ಸರದಿ. ಹೊಸದು ಹಳೆಯದನ್ನು ನುಂಗಿಹಾಕದಂತೆ ಮೂರನ್ನೂ ದಿನವೂ ಬೆರೆಸಲಾಗುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದು ಮೊದಲ ಗಂಟೆಗಳಲ್ಲೇ ಹೆಚ್ಚು ಮರೆತುಹೋಗುತ್ತದೆ, ಅಂತರ ಬಿಟ್ಟು ಪುನರಾವರ್ತಿಸಿದರೆ ಉಳಿಯುತ್ತದೆ ಎಂದು ಅಳೆದು ತೋರಿಸಿದರು. ವಿಜ್ಞಾನಿಗಳು ಇದನ್ನು ನಮ್ಮಿಂದ ಕದ್ದರೆಂದು ಹೆಮ್ಮೆ ಕೊಚ್ಚಿಕೊಳ್ಳುವುದು ಬೇಡ. ಪ್ರಯೋಗಾಲಯ ಕಂಡುಕೊಂಡ ಸತ್ಯವನ್ನು ಉಸ್ತಾದರು ತಲೆಮಾರುಗಳ ಅನುಭವದಿಂದ ಕಂಡುಕೊಂಡಿದ್ದರು, ಅಷ್ಟೆ.

ಮರೆವಿನ ಕುರಿತೂ ಒಂದು ಮಾತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. "ನಿನ್ನೆ ನನ್ನ ತಂಗಿ ಬಸ್ಸು ತಪ್ಪಿ, ಮಳೆಯಲ್ಲಿ ನೆನೆದು, ಕಡಬದಿಂದ ನಡೆದುಕೊಂಡೇ ಮನೆಗೆ ಬಂದಳು" ಎಂಬಲ್ಲಿ 'ಬಂದಳು' ಎನ್ನಬೇಕಾದರೆ 'ತಂಗಿ'ಯನ್ನು ಕೊನೆಯ ತನಕ ನೆನಪಿಟ್ಟಿರಬೇಕು. ಹಳೆಯ ನರಜಾಲಗಳಿಗೆ ಇದು ಕಷ್ಟವಾಗಿತ್ತು. 1997ರಲ್ಲಿ ಹೊಖ್‌ರೈಟರ್ ಮತ್ತು ಶ್ಮಿಡ್‌ಹೂಬರ್ ಎಂಬವರು, ಯಾವುದನ್ನು ಒಳಬಿಡಬೇಕು, ಯಾವುದನ್ನು ಹೊರಬಿಡಬೇಕು ಎಂದು ನಿರ್ಧರಿಸುವ ಬಾಗಿಲುಗಳುಳ್ಳ ಸ್ಮೃತಿಕೋಶವನ್ನು ರಚಿಸಿದರು. ಆದರೂ ಒಂದು ಕೊರತೆ ಉಳಿಯಿತು. ವಾಕ್ಯ ಮುಗಿದ ಮೇಲೂ ಹಳೆಯದು ತುಂಬಿಕೊಂಡೇ ಇರುತ್ತಿತ್ತು. 2000ದಲ್ಲಿ ಅದಕ್ಕೊಂದು 'ಮರೆವಿನ ಬಾಗಿಲು' ಸೇರಿಸಲಾಯಿತು. ಮರೆಯಲು ಕಲಿತ ಮೇಲೆ ಯಂತ್ರ ಇನ್ನಷ್ಟು ಸಮರ್ಥವಾಯಿತು. 2016ರಲ್ಲಿ ಗೂಗಲ್‌ನ ಅನುವಾದ ವ್ಯವಸ್ಥೆ ಈ ಬಗೆಯ ಜಾಲಗಳನ್ನು ಬಳಸತೊಡಗಿತು. ಬೇಡದ್ದನ್ನು ಮರೆಯುವುದೂ ಒಂದು ಅನುಗ್ರಹವೇ!

ಬೆಂಗಳೂರಿನ ಕೊಡುಗೆ

ಈ ಇತಿಹಾಸ ಪೂರ್ತಿ ವಿದೇಶದ್ದಲ್ಲ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಉಪಿಂದರ್ ಭಲ್ಲಾ ಅವರು ನ್ಯೂಯಾರ್ಕಿನ ರವಿ ಅಯ್ಯಂಗಾರ್ ಅವರೊಂದಿಗೆ 1999ರಲ್ಲಿ ಒಂದು ಮಹತ್ವದ ಪ್ರಬಂಧ ಪ್ರಕಟಿಸಿದರು. ನರಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿ, ಅವು ಒಂದನ್ನೊಂದು ಪ್ರಚೋದಿಸುವ ಸರಪಳಿಯಾದಾಗ ಕ್ಷಣಕಾಲದ ಸೂಚನೆಯೊಂದು ದೀರ್ಘಕಾಲ ಉಳಿಯಬಲ್ಲದೆಂದು ತೋರಿಸಿದರು. ನೆನಪಿನ ಗುಟ್ಟು ತಿಳಿಯಲು ಕಂಪ್ಯೂಟರನ್ನು ಬಳಸಿದ ಉದಾಹರಣೆಯಿದು.

ಇದರ ತಿರುವುಮುರುವು ಕೆಲಸ ನಡೆದದ್ದು ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಗಿರಣಿ ಮತ್ತು ಕಣಜ ಬೇರೆ ಬೇರೆ ಇರುವುದರಿಂದ ಕಂಪ್ಯೂಟರಿಗೆ ದೊಡ್ಡ ನಷ್ಟವೊಂದಿದೆ. ಮಾಹಿತಿಯನ್ನು ಕಣಜದಿಂದ ಗಿರಣಿಗೆ, ಗಿರಣಿಯಿಂದ ಕಣಜಕ್ಕೆ ಹೊತ್ತು ತಿರುಗುವುದರಲ್ಲೇ ಸಮಯವೂ ವಿದ್ಯುತ್ತೂ ಖರ್ಚಾಗುತ್ತದೆ. ಮೆದುಳಿನಲ್ಲಿ ಹಾಗಲ್ಲ, ನೆನಪು ಇರುವಲ್ಲೇ ಲೆಕ್ಕವೂ ನಡೆಯುತ್ತದೆ. ಆದ್ದರಿಂದಲೇ ನಮ್ಮ ಮೆದುಳು ಸುಮಾರು 20 ವ್ಯಾಟ್ ಶಕ್ತಿಯಲ್ಲಿ, ಅಂದರೆ ಒಂದು ಸಣ್ಣ ಬಲ್ಬಿನಷ್ಟರಲ್ಲಿ ಕೆಲಸ ಮಾಡುತ್ತದೆ. ತನ್ನ ಮೂಲಕ ಹರಿದ ವಿದ್ಯುತ್ತನ್ನು ನೆನಪಿಟ್ಟುಕೊಳ್ಳುವ 'ಮೆಮ್ರಿಸ್ಟರ್' ಎಂಬ ಘಟಕ ಇರಬಲ್ಲದೆಂದು ಲಿಯೊನ್ ಚುವಾ 1971ರಲ್ಲಿ ಹೇಳಿದ್ದರು. 2024ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡವು 'ನೇಚರ್' ಪತ್ರಿಕೆಯಲ್ಲಿ ಅಣುಗಳ ತೆಳುಪದರದಿಂದ ಮಾಡಿದ ಇಂತಹ ಘಟಕವನ್ನು ಪ್ರಕಟಿಸಿತು. ಸಾಮಾನ್ಯ ಸ್ಮೃತಿಕೋಶಕ್ಕೆ ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳಾದರೆ, ಈ ಪದರದಲ್ಲಿ 16,500 ಸ್ಥಿತಿಗಳನ್ನು ಇಡಬಹುದು, ಲೆಕ್ಕವನ್ನೂ ಅಲ್ಲಿಯೇ ಮಾಡಬಹುದು. ದೊಡ್ಡ ಕಂಪ್ಯೂಟರುಗಳು ಮಾಡುವ ಬಾಹ್ಯಾಕಾಶ ಚಿತ್ರದ ಸಂಸ್ಕರಣೆಯನ್ನು ಅವರು ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರಿನಲ್ಲೇ ಮಾಡಿ ತೋರಿಸಿದರು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಳೆ ಈ ಸಾಲಿಗೆ ಸೇರಬಾರದೇಕೆ?

ಸನದ್ ಇಲ್ಲದ ನೆನಪು

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಇಂದು ನಾವು ಪ್ರಶ್ನೆ ಕೇಳುವ ಕೃತಕ ಬುದ್ಧಿಮತ್ತೆ, 2017ರಲ್ಲಿ ರೂಪುಗೊಂಡ 'ಟ್ರಾನ್ಸ್‌ಫಾರ್ಮರ್' ಎಂಬ ನರಜಾಲದ ಸಂತತಿ. ಅಪಾರ ಬರಹವನ್ನು ಅದಕ್ಕೆ ಓದಿಸಲಾಗಿದೆ. ಆದರೆ ಓದಿದ ಪುಸ್ತಕಗಳು ಅದರೊಳಗೆ ಪುಸ್ತಕಗಳಾಗಿ ಉಳಿದಿಲ್ಲ, ಪದಪದಗಳ ನಂಟುಗಳಾಗಿ ಕರಗಿವೆ. ನಾವು ಕೇಳಿದಾಗ ಅದು ಆ ನಂಟುಗಳಿಂದ ಉತ್ತರವನ್ನು ಹೊಸದಾಗಿ ಹೆಣೆಯುತ್ತದೆ. ಎಂದರೆ ಅದರದ್ದು ಬಹುಮಟ್ಟಿಗೆ 'ಕಟ್ಟುವ ನೆನಪು'. ಪಾಡ್ದನಕಾರರು ಕಟ್ಟುವಾಗ ಕೇಳುವವರಿಗೆ ಅದು ಪಾಡ್ದನವೆಂದು ಗೊತ್ತಿರುತ್ತದೆ. ಯಂತ್ರವು ಕಟ್ಟಿಕೊಟ್ಟದ್ದನ್ನು ನಾವು ಕಾಪಾಡಿದ ನೆನಪೆಂದು ಭಾವಿಸುತ್ತೇವೆ. ಅಪಾಯ ಇರುವುದು ಇಲ್ಲಿ. ಇಲ್ಲದ ಪುಸ್ತಕದ ಹೆಸರು, ನಡೆಯದ ಘಟನೆಯ ಇಸವಿ, ಯಾರೂ ಹೇಳದ ಮಾತು ಇವೆಲ್ಲವನ್ನೂ ಅದು ನಿಜದಷ್ಟೇ ನಿರರ್ಗಳವಾಗಿ ಹೇಳಬಲ್ಲದು. ತಾನು ಅದನ್ನು ಯಾರಿಂದ ಕಲಿತೆ ಎಂಬುದು ಅದಕ್ಕೆ ನೆನಪಿರುವುದಿಲ್ಲ.

ನಮ್ಮ ಪೂರ್ವಿಕರು ಅತಿ ಹೆಚ್ಚು ಜೋಪಾನ ಮಾಡಿದ್ದು ಇದನ್ನೇ. ಇಮಾಂ ಬುಖಾರಿಯವರು (810-870) ಬಗ್ದಾದಿಗೆ ಬಂದಾಗ ಅಲ್ಲಿನ ವಿದ್ವಾಂಸರು ಅವರನ್ನು ಪರೀಕ್ಷಿಸಿದ ಘಟನೆ ಚರಿತ್ರೆ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ನೂರು ಹದೀಸ್‌ಗಳ ಸನದ್‌ಗಳನ್ನು, ಅಂದರೆ ಯಾರು ಯಾರಿಂದ ಕೇಳಿದರು ಎಂಬ ಸರಪಳಿಗಳನ್ನು, ಬೇಕೆಂದೇ ಅದಲು ಬದಲು ಮಾಡಿ ಹತ್ತು ಮಂದಿ ತಲಾ ಹತ್ತರಂತೆ ಓದಿದರು. ಅವರು ಎಲ್ಲವನ್ನೂ ಕೇಳಿ, ಪ್ರತಿಯೊಂದು ಮಾತನ್ನೂ ಅದರದರ ಸರಿಯಾದ ಸನದ್‌ಗೆ ಜೋಡಿಸಿ ಹೇಳಿದರು. ನೂರು ಮಾತು ನೆನಪಿಡುವುದು ದೊಡ್ಡದಲ್ಲ, ಪ್ರತಿ ಮಾತಿನ ಮೂಲ ನೆನಪಿಡುವುದು ದೊಡ್ಡದು ಎಂಬುದೇ ಆ ಪರೀಕ್ಷೆಯ ಅರ್ಥ.

ಕಂಠಪಾಠ ಮತ್ತು ಬರಹ ಒಂದಕ್ಕೊಂದು ಎದುರಾಳಿಯಲ್ಲ ಎಂಬುದಕ್ಕೂ ನಮ್ಮ ಇತಿಹಾಸದಲ್ಲೇ ಸಾಕ್ಷಿಯಿದೆ. ಕ್ರಿ.ಶ. 633ರ ಸುಮಾರಿಗೆ ಯಮಾಮದ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಹಲವಾರು ಸಹಾಬಿಗಳು ಹುತಾತ್ಮರಾದಾಗ, ಉಮರ್ (ರ) ಅವರ ಸಲಹೆಯಂತೆ ಖಲೀಫಾ ಅಬೂಬಕರ್ (ರ) ಅವರು ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆಯನ್ನು ಝೈದ್ ಇಬ್ನು ಸಾಬಿತ್ (ರ) ಅವರಿಗೆ ವಹಿಸಿದರು. ಸ್ವತಃ ಹಾಫಿಳ್ ಆಗಿದ್ದ ಝೈದ್ (ರ) ತಮ್ಮ ನೆನಪೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಬರೆದಿಟ್ಟದ್ದನ್ನೂ ಕಂಠಪಾಠವಿದ್ದವರ ಸಾಕ್ಷ್ಯವನ್ನೂ ತಾಳೆ ಹಾಕಿದರು. ಹೃದಯದ ನೆನಪು ಹಾಳೆಗೆ ಕಾವಲು, ಹಾಳೆಯ ನೆನಪು ಹೃದಯಕ್ಕೆ ಕಾವಲು.

ಯಂತ್ರವಿಜ್ಞಾನಿಗಳೂ ಈಗ ಈ ದಾರಿಗೆ ಬಂದಿದ್ದಾರೆ. 2020ರಿಂದೀಚೆಗೆ ಬೆಳೆದ ಒಂದು ವಿಧಾನದಲ್ಲಿ ಯಂತ್ರವು ತನ್ನ ನೆನಪನ್ನಷ್ಟೇ ನಂಬದೆ, ಮೊದಲು ದಾಖಲೆಗಳ ಸಂಗ್ರಹದಲ್ಲಿ ಹುಡುಕಿ, ಸಿಕ್ಕ ಪುಟವನ್ನು ಮುಂದಿಟ್ಟುಕೊಂಡು ಉತ್ತರ ಬರೆಯುತ್ತದೆ. ಕಟ್ಟುವ ನೆನಪಿಗೆ ಕಾಪಾಡುವ ನೆನಪನ್ನು ಜೊತೆಮಾಡುವ ಪ್ರಯತ್ನವಿದು. ಇದರಿಂದ ತಪ್ಪು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಪುಟವನ್ನು ತೆರೆದು ನೋಡುವ ಹೊಣೆ ಕೊನೆಗೂ ಓದುವವನದ್ದೇ.

ವಿದ್ಯಾರ್ಥಿಗಳೊಂದಿಗೆ ಎರಡು ಮಾತು

ಹಾಗಾದರೆ ಬಾಯಿಪಾಠ ಯಾಕೆ? ತಲೆಯಲ್ಲಿ ಏನೂ ಇಲ್ಲದವನಿಗೆ ನಂಟು ಕಟ್ಟಲು ನೂಲೇ ಇರುವುದಿಲ್ಲ. ಯಂತ್ರ ತಪ್ಪು ಇಸವಿ ಹೇಳಿದಾಗ "ಇದು ಸರಿಯಿಲ್ಲವಲ್ಲ" ಎಂದು ಅನುಮಾನ ಪಡಬೇಕಾದರೂ ನಿಮ್ಮ ನೆನಪಿನಲ್ಲಿ ಒಂದಷ್ಟು ಸರಿಯಾದದ್ದು ಇರಬೇಕು. ಕಂಠಪಾಠವಿದ್ದವನಿಗೆ ಮಾತ್ರ ತಡವರಿಕೆ ಗೊತ್ತಾಗುತ್ತದೆ.

ಆದರೆ ಬರಿಯ ಉರು ಹೊಡೆಯುವಿಕೆಯೂ ಸಾಲದು. ಹತ್ತನೇ ವಯಸ್ಸಿಗೇ ಕುರ್‌ಆನ್ ಕಂಠಪಾಠ ಮಾಡಿದ್ದ ಇಬ್ನು ಸೀನಾರು ಅರಿಸ್ಟಾಟಲ್‌ನ ತತ್ವಶಾಸ್ತ್ರ ಗ್ರಂಥವೊಂದನ್ನು ನಲ್ವತ್ತು ಬಾರಿ ಓದಿದರಂತೆ. ಪೂರ್ತಿ ಬಾಯಿಗೆ ಬಂತು, ಅರ್ಥ ಮಾತ್ರ ಆಗಲಿಲ್ಲ. ಒಂದು ದಿನ ಪುಸ್ತಕದ ಪೇಟೆಯಲ್ಲಿ ಮೂರು ದಿರ್ಹಮಿಗೆ ಕೊಂಡ ಅಲ್-ಫಾರಾಬಿಯವರ ಸಣ್ಣ ವಿವರಣೆಯನ್ನು ಓದಿದಾಗ ಎಲ್ಲವೂ ಒಮ್ಮೆಲೇ ಸ್ಪಷ್ಟವಾಯಿತೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನೆನಪಿನಲ್ಲಿ ಇದ್ದುದರಿಂದಲೇ ವಿವರಣೆ ಸಿಕ್ಕಾಗ ಬೆಳಕಾಯಿತು ಎಂಬುದನ್ನೂ ಗಮನಿಸಿರಿ.

ಆದ್ದರಿಂದ ಹೊಸ ಪಾಠದ ಜೊತೆ ಹಳೆಯದನ್ನು ದಿನವೂ ಬೆರೆಸಿ ಓದಿರಿ. ಪುಸ್ತಕ ಮುಚ್ಚಿ ನೆನಪಿಸಿಕೊಂಡು ನೋಡಿರಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿರಿ. ಯಂತ್ರದಿಂದ ಸಹಾಯ ಪಡೆಯಿರಿ, ಆದರೆ ಪ್ರತಿ ಉತ್ತರಕ್ಕೂ "ನಿನ್ನ ಸನದ್ ಯಾವುದು?" ಎಂದು ಕೇಳಿರಿ, ಕೇಳಿದ ಮೇಲೆ ಆ ಮೂಲವನ್ನು ತೆರೆದು ನೋಡಿರಿ.

ಸಂಘದ ಸದಸ್ಯರಲ್ಲೂ ಒಂದು ವಿನಂತಿ. ಯಂತ್ರಕ್ಕೆ ಯಾರೂ ಹೇಳದ್ದು ಅದಕ್ಕೆ ಗೊತ್ತಿರುವುದಿಲ್ಲ. ಕೋಡಿಂಬಾಳದ ಹಿರಿಯರು ಕಂಡ ನೆರೆ, ನಡೆದ ದಾರಿ, ಮದ್ರಸ ಕಟ್ಟಿದ ಕಷ್ಟ, ಬ್ಯಾರಿ ಭಾಷೆಯ ಗಾದೆ, ಒಗಟು, ಹಾಡುಗಳು ಅವರ ನೆನಪಿನಲ್ಲಷ್ಟೇ ಇವೆ. 1990ರಲ್ಲಿ ಸಿರಿ ಪಾಡ್ದನವನ್ನು ಯಾರೋ ಕುಳಿತು ಕೇಳಿ ದಾಖಲಿಸಿದ್ದರಿಂದ ಅದು ಉಳಿಯಿತು. ನಮ್ಮ ವಿದ್ಯಾರ್ಥಿಗಳು ತಮ್ಮ ಉಪ್ಪಾಪ, ಉಮ್ಮಾಮ್ಮರ ಬಳಿ ಕುಳಿತು, ಹೇಳಿದವರ ಹೆಸರು, ದಿನಾಂಕ ಸಹಿತ ಬರೆದಿಡುವ ಕೆಲಸವನ್ನು ಸಂಘ ಕೈಗೆತ್ತಿಕೊಳ್ಳಲಿ. ಅದೂ ಒಂದು ಸನದ್ ಆಗುತ್ತದೆ.

ಉಪಯುಕ್ತವಾದ ವಿದ್ಯೆಯನ್ನೂ, ಅದನ್ನು ಉಳಿಸಿಕೊಳ್ಳುವ ನೆನಪನ್ನೂ, ನಿಜವನ್ನು ಗುರುತಿಸುವ ವಿವೇಕವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಅನುಗ್ರಹಿಸಲಿ. ಆಮೀನ್.